ಪಿಸ್ಗಾ ದಿಬ್ಬದ ಮೇಲಿನ ಅಡುಗೆಮನೆ

ಲೂವೀನಿಯಾ ಹ್ಯಾಥ್‌ಕಾಕ್ ಎಂದು ಪೂರ್ತಿ ಹೆಸರು ಹಿಡಿದು ಅವರನ್ನು ಕರೆಯುತ್ತಿದ್ದವರು ನಮ್ಮೂರಿನಲ್ಲಿ ಪಾದ್ರಿಗಳೊಬ್ಬರೇ, ಅದೂ ಮದುವೆ ಸಾವುಗಳಲ್ಲಿ. ಉಳಿದವರಿಗೆಲ್ಲ ಅವರು ಮಿಸ್ ಲೂವಿ. ಶಾಲೆಯ ಅಡುಗೆಮನೆ ಅವರ ರಾಜ್ಯ. ನಾನು, ಥರ್ಮನ್ ಬೀಸ್ಲಿ, ಅದೇ ಶಾಲೆಯ ಬಸ್ಸು ಓಡಿಸುತ್ತಿದ್ದೆ. ಬೆಳಗಿನ ಸುತ್ತು ಮುಗಿಸಿ ಹಿಂಬಾಗಿಲಿನಿಂದ ಒಳಗೆ ಹೋದರೆ ನನಗೆ ಕಾಫಿಯೂ ಬೈಗುಳವೂ ಬಿಸಿಬಿಸಿಯಾಗಿಯೇ ಸಿಗುತ್ತಿದ್ದವು. ಶೂ ಒರೆಸಿಕೊಳ್ಳಲಿಲ್ಲ ಎಂದೋ, ಬಾಗಿಲು ತೆರೆದಿಟ್ಟು ನೊಣ ಬಿಟ್ಟೆ ಎಂದೋ ಏನಾದರೊಂದು ಇರುತ್ತಿತ್ತು. ಬೈಯುತ್ತಲೇ ಬಟ್ಟಲು ತುಂಬಿಸುತ್ತಿದ್ದರು.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಊರಿನಿಂದ ನಮ್ಮ ಚರ್ಚಿಗೆ ಹೋಗಲು ದಿಬ್ಬದ ರಸ್ತೆಯೇ ಹತ್ತಿರ. ಆ ರಸ್ತೆ ಹಾದುಹೋಗುವುದು ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಅಂತರ್ಯುದ್ಧದ ರಣಭೂಮಿಯ ನಡುವೆ. ಸರಕಾರ ಬೇಲಿ ಹಾಕಿ, ಫಿರಂಗಿಗಳನ್ನು ನಿಲ್ಲಿಸಿ, ಅಲ್ಲಲ್ಲಿ ಫಲಕಗಳನ್ನು ನೆಟ್ಟು ಕಾಪಾಡಿಕೊಂಡು ಬಂದಿರುವ ಜಾಗ. ನಾವೆಲ್ಲ ಭಾನುವಾರ ಆ ದಾರಿಯಲ್ಲೇ ಹೋಗುತ್ತಿದ್ದೆವು. ಮಿಸ್ ಲೂವಿ ಮಾತ್ರ ಹಳೆಯ ಹಿಟ್ಟಿನ ಗಿರಣಿಯ ಕಡೆಯಿಂದ ದೊಡ್ಡ ಸುತ್ತು ಹಾಕಿಕೊಂಡು ಬರುತ್ತಿದ್ದರು. ಮೊದಲ ಹಾಡು ಮುಗಿದ ಮೇಲೆಯೇ ಅವರು ಒಳಗೆ ಬರುವುದು. ಯಾಕೆಂದು ಒಮ್ಮೆ ಕೇಳಿದ್ದೆ.

“ನನ್ನ ಪೆಟ್ರೋಲು, ನನ್ನ ದಾರಿ. ನಿಂಗೇನೋ ತೊಂದ್ರೆ?” ಅಂದಿದ್ದರು. ಮತ್ತೆ ಕೇಳಲು ಹೋಗಲಿಲ್ಲ.

ಕಾರಣ ಹಿರಿಯರಿಗೆ ಗೊತ್ತಿತ್ತು. ನಮ್ಮ ಮನೆತನ ನದಿಯ ಆಚೆಯದು, ಹಾಗಾಗಿ ನನಗೆ ಅರ್ಧಂಬರ್ಧ ಮಾತ್ರ ತಿಳಿದಿತ್ತು. ಯುದ್ಧ ಮುಗಿದು ಗುಲಾಮಗಿರಿಯಿಂದ ಬಿಡುಗಡೆಯಾದ ನಮ್ಮ ಕರಿಯ ಜನ ಆ ದಿಬ್ಬದ ಮೇಲೆ ಮನೆ ಕಟ್ಟಿಕೊಂಡರಂತೆ. ಹೆಣಗಳು ಬಿದ್ದಿದ್ದ ನೆಲ, ಬೇರೆ ಯಾರಿಗೂ ಬೇಡವಾಗಿತ್ತು. ಹೆಣಗಳನ್ನು ಹೂಳಿದವರೂ ಇವರೇ. ಆ ಕೇರಿಗೆ ಪಿಸ್ಗಾ ಎಂದು ಹೆಸರಿಟ್ಟರು, ಬೈಬಲಿನಲ್ಲಿ ಮೋಶೆ ನಿಂತು ವಾಗ್ದತ್ತ ದೇಶವನ್ನು ನೋಡಿದ ಬೆಟ್ಟದ ಹೆಸರು. ಮನೆಗಳು, ಚರ್ಚು, ಒಂದು ಸಣ್ಣ ಶಾಲೆ ಎಲ್ಲ ಆಯಿತು. ಯುದ್ಧದ ನೂರನೆಯ ವರ್ಷ ಹತ್ತಿರ ಬಂದಾಗ, ದಿಬ್ಬ ಅಂದು ಇದ್ದ ಹಾಗೆಯೇ ಕಾಣಬೇಕು ಎಂದು ಮೇಲಿನವರು ತೀರ್ಮಾನಿಸಿದರು. ಪಿಸ್ಗಾ ಇರಬಾರದಾಯಿತು.

ಮಿಸ್ ಲೂವಿ ನಿವೃತ್ತರಾಗುವ ವರ್ಷದ ವಸಂತ. ಐದನೆಯ ತರಗತಿಯ ಮಕ್ಕಳನ್ನು ಪ್ರತಿ ವರ್ಷದಂತೆ ರಣಭೂಮಿ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಪ್ರತಿ ವರ್ಷವೂ ಆ ಮಕ್ಕಳ ಬುತ್ತಿ ಕಟ್ಟಿಕೊಡುತ್ತಿದ್ದವರು ಮಿಸ್ ಲೂವಿಯೇ. ಅಂದು ಜೊತೆಗೆ ಬರಬೇಕಿದ್ದ ಟೀಚರು ಜ್ವರ ಬಂದು ಮಲಗಿದರು. ದೊಡ್ಡವರು ಇನ್ನೊಬ್ಬರು ಇಲ್ಲದಿದ್ದರೆ ಬಸ್ಸು ಹೊರಡುವಂತಿಲ್ಲ. ಮುಖ್ಯೋಪಾಧ್ಯಾಯಿನಿ ಅಡುಗೆಮನೆಗೇ ಬಂದು ಬಾಗಿಲಲ್ಲಿ ನಿಂತರು.

“ಮಿಸ್ ಲೂವಿ, ಇದೊಂದು ಸಲ ನೀವು ಹೋಗಿ ಬರ್ತೀರಾ?”

“ಬೀನ್ಸು ಒಲೆ ಮೇಲಿದೆ.”

“ಬೀನ್ಸು ನಾವು ನೋಡ್ಕೋತೀವಿ.”

“ನೀವು ನೋಡ್ಕೊಂಡ್ರೆ ಏನಾಗುತ್ತೆ ಅಂತ ನಂಗೊತ್ತು.”

ಕಿಟಕಿಯ ಹೊರಗೆ ಮಕ್ಕಳು ಸಾಲಾಗಿ ನಿಂತಿದ್ದರು, ಬುತ್ತಿಯ ಚೀಲ ಎದೆಗೊತ್ತಿಕೊಂಡು. ಮಿಸ್ ಲೂವಿ ಅವರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಸಿ, ಬಂದು ಬಸ್ಸು ಹತ್ತಿದರು. ನನ್ನ ಹಿಂದಿನ ಸೀಟಿನಲ್ಲೇ ಕೂತರು. ದಿಬ್ಬದ ರಸ್ತೆಗೆ ತಿರುಗಿಸಿದಾಗ ಕನ್ನಡಿಯಲ್ಲಿ ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯಲ್ಲ, ತುಟಿ ಅಲುಗುತ್ತಿತ್ತು.

ನಮಗೆ ಜಾಗ ತೋರಿಸಲು ಬಂದವಳು ಸರಕಾರದ ಪರವಾಗಿ ರಣಭೂಮಿ ನೋಡಿಕೊಳ್ಳಲು ಹೊಸದಾಗಿ ಸೇರಿದ ರೇಂಜರ್, ಇಂಗ್ರಿಡ್ ಲಿಂಡ್‌ಕ್ವಿಸ್ಟ್ ಎಂಬ ಹುಡುಗಿ. ಉತ್ತರದ ಮಿನೆಸೋಟದವಳು. ಅವಳ ಮಾತು ಕೇಳಿ ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಚೆನ್ನಾಗಿಯೇ ಹೇಳಿದಳು, ಸುಳ್ಳು ಹೇಳಬಾರದು. ಯಾವ ದಳ ಎಲ್ಲಿಂದ ಬಂತು, ಹೊಳೆಯಲ್ಲಿ ನೀರು ಎಷ್ಟಿತ್ತು, ಸಿಪಾಯಿಗಳು ಏನು ತಿನ್ನುತ್ತಿದ್ದರು ಎಂದೆಲ್ಲ. ಕಲ್ಲಿನಂಥ ಒಣ ರೊಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟು ಕಚ್ಚಿಸಿದಳು. ಮಿಸ್ ಲೂವಿ ಎಲ್ಲರಿಗಿಂತ ಹಿಂದೆ, ಕೈಕಟ್ಟಿಕೊಂಡು, ನೆಲ ನೋಡುತ್ತಾ ನಡೆದರು.

ದಿಬ್ಬದ ನೆತ್ತಿಯಲ್ಲಿ ಒಂದು ಫಿರಂಗಿ, ಪಕ್ಕದಲ್ಲಿ ಓರೆಯಾಗಿ ನಿಲ್ಲಿಸಿದ ಫಲಕ. ರೇಂಜರ್ ಗಟ್ಟಿಯಾಗಿ ಓದಿದಳು. ಉತ್ತರದವರ ತೋಪಿನ ಪಡೆ ಇಲ್ಲಿ ನೆಲೆ ನಿಂತಿತು ಎಂದು ಶುರುವಾಗುತ್ತಿತ್ತು, ಕೊನೆಯ ಸಾಲು ಹೀಗಿತ್ತು: ‘ಯುದ್ಧದ ದಿನ ಈ ದಿಬ್ಬ ಹೇಗಿತ್ತೋ ಇಂದಿಗೂ ಹಾಗೆಯೇ ಉಳಿದಿದೆ.’

“ಇಲ್ಲ, ಉಳಿದಿಲ್ಲ,” ಎಂದಿತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿದರು. ಮಿಸ್ ಲೂವಿಯ ಕೈ ಬಿಚ್ಚಿತ್ತು. ಫಿರಂಗಿಯ ಗಾಲಿಯ ಕಡೆ ಬೆರಳು ತೋರಿಸುತ್ತಿದ್ದರು.

“ಆ ಚಕ್ರ ನಿಂತಿರೋದು ನಮ್ಮಮ್ಮನ ಒಲೆ ಮೇಲೆ.”

ಮಕ್ಕಳು ಗೊಳ್ಳೆಂದು ನಕ್ಕರು. ತಮಾಷೆ ಎಂದುಕೊಂಡರು. ಅವರ ಮುಖ ನೋಡಿದ ಮೇಲೆ ನಗು ನಿಂತಿತು. ರೇಂಜರ್ ಕೈಯಲ್ಲಿದ್ದ ಕಾಗದ ಮಡಚಿಕೊಂಡಳು.

“ನೀವು ಇಲ್ಲಿ ಇದ್ರಾ ಮೇಡಂ?”

“ಇಲ್ಲೇ ಹುಟ್ಟಿದ್ದು. ಅಗೋ, ನೀನು ನಿಂತಿದ್ದೀಯಲ್ಲ, ಅದು ನಾವು ಮಲಗ್ತಿದ್ದ ಕೋಣೆ.”

ರೇಂಜರ್ ತಟ್ಟನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಯಾರದೋ ಹಾಸಿಗೆ ತುಳಿದವಳ ಹಾಗೆ. ಅದನ್ನು ಕಂಡು ಮಿಸ್ ಲೂವಿಯ ಬಿಗಿ ಸ್ವಲ್ಪ ಸಡಿಲವಾಯಿತು ಎಂದು ನನಗನಿಸಿತು. ಅಷ್ಟರಲ್ಲಿ ಮಕ್ಕಳು ಮುತ್ತಿಕೊಂಡರು.

“ಮಿಸ್ ಲೂವಿ, ನಿಮ್ಮನೆ ಬಾತ್‌ರೂಮ್ ಎಲ್ಲಿತ್ತು?”

“ಅಲ್ಲಿ ಕೆಳಗೆ, ಆ ದೇವದಾರು ಮರದ ಹತ್ರ. ಚಳಿಗಾಲದಲ್ಲಿ ಓಡ್ಕೊಂಡು ಹೋಗಿ ಓಡ್ಕೊಂಡು ಬರೋದು.”

“ಗುಂಡು ಸಿಗ್ತಿತ್ತಾ?”

“ಗೆಣಸು ಅಗೆದ್ರೆ ಗೆಣಸಿಗಿಂತ ಗುಂಡೇ ಜಾಸ್ತಿ ಸಿಗ್ತಿತ್ತು. ನಮ್ಮಪ್ಪ ಸೀಸದ ಗುಂಡೆಲ್ಲ ಹಳೇ ಬಾಣಲೇಲಿ ಕರಗಿಸಿ ಗಾಳದ ದಾರಕ್ಕೆ ಕಟ್ಟೋ ತೂಕ ಮಾಡ್ತಿದ್ರು. ಆಮೇಲೆ ಹೊಳೇಲಿ ಮೀನು ಹಿಡಿಯೋರು.”

“ಕರಗಿಸಿಬಿಟ್ರಾ?” ಎಂದಳು ರೇಂಜರ್. ಹಲ್ಲು ನೋವು ಬಂದವಳ ಮುಖ.

“ಮತ್ತೇನು ಮಾಡ್ಬೇಕಿತ್ತು? ಪೂಜೆ ಮಾಡ್ಬೇಕಿತ್ತಾ? ಮೀನು ಚೆನ್ನಾಗಿತ್ತು.”

ಮಕ್ಕಳು ಮತ್ತೆ ನಕ್ಕರು. ಈ ಸಲ ಮಿಸ್ ಲೂವಿಯೂ ನಕ್ಕರು. ಬುತ್ತಿ ಬಿಚ್ಚಿದ್ದು ಅಲ್ಲೇ, ಫಿರಂಗಿಯ ನೆರಳಿನಲ್ಲಿ. ಹುಲ್ಲಿನ ಮೇಲೆ ಕೂತು ತಿನ್ನಬಾರದೆಂದು ನಿಯಮವಿದೆ ಎಂದು ಆಮೇಲೆ ಗೊತ್ತಾಯಿತು. ರೇಂಜರ್ ಅಂದು ಅದನ್ನು ಹೇಳಲಿಲ್ಲ.

ಶಾಲೆಗೆ ಹಿಂತಿರುಗಿ ಮಕ್ಕಳೆಲ್ಲ ಇಳಿದ ಮೇಲೂ ಮಿಸ್ ಲೂವಿ ಸೀಟು ಬಿಟ್ಟು ಏಳಲಿಲ್ಲ.

“ಥರ್ಮನ್, ಅಮ್ಮ ಹೇಳಿದ್ರು, ಹಿಂದಕ್ಕೆ ತಿರುಗಿ ನೋಡಬೇಡ ಅಂತ. ಬೈಬಲಲ್ಲಿ ಲೋಟನ ಹೆಂಡತಿ ತಿರುಗಿ ನೋಡಿ ಉಪ್ಪಿನ ಕಂಬ ಆದಳಲ್ಲ, ಹಾಗಾಗ್ತೀಯ ಅಂದ್ರು. ಲಾರಿ ಹತ್ತೋವಾಗ. ಅವರು ಸಾಯೋ ತನಕ ಆ ಕಡೆ ಹೋಗ್ಲಿಲ್ಲ. ನಾನೂ ಹೋಗ್ಲಿಲ್ಲ.”

“ಈಗ ಹೋದ್ರಲ್ಲ. ಉಪ್ಪು ಆಗ್ಲಿಲ್ವಲ್ಲ,” ಅಂದೆ.

“ಬಾಯೆಲ್ಲ ಉಪ್ಪುಪ್ಪೇ ಆಗಿದೆ,” ಎಂದು ಕೆನ್ನೆ ಒರೆಸಿಕೊಂಡು ಇಳಿದುಹೋದರು.

ಮುಂದಿನ ವಾರ ರೇಂಜರ್ ಶಾಲೆಯ ಅಡುಗೆಮನೆಗೆ ಹುಡುಕಿಕೊಂಡು ಬಂದಳು. ನಾನು ಕಾಫಿ ಕುಡಿಯುತ್ತಾ ಕೂತಿದ್ದೆ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತು, ಪಿಸ್ಗಾದ ಮನೆಗಳು ಎಲ್ಲೆಲ್ಲಿ ಇದ್ದವು ಎಂದು ತೋರಿಸುತ್ತೀರಾ ಎಂದು ಕೇಳಿದಳು. ತಮ್ಮ ಕಚೇರಿಯ ನಕ್ಷೆಗಳಲ್ಲಿ ಆ ಊರೇ ಇಲ್ಲ ಎಂದಳು.

“ಕಿತ್ತು ಹಾಕಿದೋರು ನಿಮ್ಮೋರೇ. ನೀವೇ ಹುಡುಕ್ಕೊಳ್ಳಿ.” ಮಿಸ್ ಲೂವಿ ಹಿಟ್ಟು ನಾದುತ್ತಲೇ ಇದ್ದರು.

“ನಾನಾಗ ಹುಟ್ಟೇ ಇರಲಿಲ್ಲ, ಮೇಡಂ.”

“ಎಲ್ರೂ ಅದನ್ನೇ ಹೇಳ್ತಾರೆ. ಹಾಗಾದ್ರೆ ಯಾರು ಮಾಡಿದ್ದು, ಬಿರುಗಾಳಿನಾ?”

ಹುಡುಗಿಯ ಕಿವಿ ಕೆಂಪಾಯಿತು. ಆದರೂ ಹೋಗಲಿಲ್ಲ. “ನೀವು ಹೇಳದೆ ಇದ್ರೆ ನನ್ನ ನಂತರ ಬರೋರಿಗೂ ಗೊತ್ತಾಗಲ್ಲ. ಅವರೂ ಅದೇ ಫಲಕ ಓದ್ತಾರೆ. ನಂಗೆ ಅದನ್ನ ಓದೋಕೆ ಈಗ ಆಗ್ತಿಲ್ಲ,” ಎಂದಳು.

ಮಿಸ್ ಲೂವಿ ಹಿಟ್ಟನ್ನು ಬಟ್ಟೆ ಮುಚ್ಚಿ ಪಕ್ಕಕ್ಕಿಟ್ಟರು. ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಎಷ್ಟು ಸಣ್ಣಗಿದ್ದೀಯ. ಕೂತ್ಕೋ. ಏನಾದ್ರೂ ತಿನ್ನು, ಆಮೇಲೆ ಮಾತಾಡೋಣ.”

ಶಾಲೆ ಮುಚ್ಚಿದ ಮೇಲೆ ಆ ಬೇಸಿಗೆಯೆಲ್ಲ ಅವರಿಬ್ಬರೂ ದಿಬ್ಬದ ಮೇಲೆ ಓಡಾಡಿದರು. ನಾನು ಬೇರೆ ಕೆಲಸವಿಲ್ಲದೆ ಕೊಡೆ, ನೀರಿನ ಬಾಟಲಿ ಹೊತ್ತುಕೊಂಡು ಜೊತೆಗೆ ಹೋಗುತ್ತಿದ್ದೆ. ಮನೆ ಇದ್ದ ಕಡೆಯೆಲ್ಲ ರೇಂಜರ್ ಸಣ್ಣ ಸಣ್ಣ ಬಾವುಟ ಚುಚ್ಚುತ್ತಿದ್ದಳು. ಮಿಸ್ ಲೂವಿಗೆ ಎಲ್ಲ ನೆನಪಿತ್ತು ಎಂದುಕೊಳ್ಳಬೇಡಿ. ಚರ್ಚು ಎಲ್ಲಿತ್ತೆಂದು ಹೇಳಲು ಎರಡು ದಿನ ತಡಕಾಡಿದರು. ಒಂದು ಮನೆಯವರನ್ನು ಪೂರ್ತಿ ಮರೆತಿದ್ದರು. ಆ ಮನೆಯ ಮಗಳು ಈಗಲೂ ನಮ್ಮ ಚರ್ಚಿನಲ್ಲಿ ಅವರ ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೆ ಆಕೆ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದರು.

ಸಾಲದ್ದಕ್ಕೆ ಡೆಟ್ರಾಯಿಟ್‌ನಿಂದ ಮಿಸ್ ಲೂವಿಯ ಅಣ್ಣ ಎಲ್ಡ್ರಿಜ್ ಬಂದರು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಬೂಟಿಗೆ ಧೂಳು ತಾಗಿದರೆ ನಿಂತು ಒರೆಸಿಕೊಳ್ಳುವ ಮನುಷ್ಯ. ಬಂದ ದಿನದಿಂದಲೇ ಬಾವಿಯ ಜಗಳ ಶುರುವಾಯಿತು.

“ಬಾವಿ ಇದ್ದಿದ್ದು ಮೂಡಗಡೆ,” ಎಂದರು ಎಲ್ಡ್ರಿಜ್.

“ಪಡುಗಡೆ. ನಾನು ದಿನಾ ನೀರು ಸೇದಿದ್ದೀನಿ.”

“ನೀನು ಎಲ್ಲಿ ಸೇದಿದ್ದು? ಕೊಡಪಾನ ನಿನಗಿಂತ ದೊಡ್ಡದಿತ್ತು. ಸೇದಿದ್ದು ನಾನು.”

“ನೀನಾ? ನಿನ್ನನ್ನ ಬಾವಿ ಹತ್ರ ಕಳಿಸಿದ್ರೆ ಹೊಳೆ ಹತ್ರ ಹೋಗಿ ಮಲಗಿರ್ತಿದ್ದೆ.”

“ನಿನ್ನ ತಲೇಲಿ ಹಿಟ್ಟು ತುಂಬ್ಕೊಂಡಿದೆ ಲೂವಿ.”

“ನಿನ್ನ ತಲೇಲಿ ಅದೂ ಇಲ್ಲ.”

ರೇಂಜರ್ ಇಬ್ಬರ ನಡುವೆ ಬಾವುಟ ಹಿಡಿದು ನಿಂತಿದ್ದಳು, ಎಲ್ಲಿ ಚುಚ್ಚಬೇಕೆಂದು ತಿಳಿಯದೆ. ಕೊನೆಗೆ ವಿಶ್ವವಿದ್ಯಾಲಯದವರು ನೆಲದೊಳಗೆ ನೋಡುವ ಯಂತ್ರವೊಂದನ್ನು ತಂದು ಎಳೆದಾಡಿದಾಗ ಬಾವಿ ಸಿಕ್ಕಿತು, ಮನೆಯ ಹಿಂದೆ, ಇಬ್ಬರೂ ಹೇಳದಿದ್ದ ಬಡಗಣ ದಿಕ್ಕಿನಲ್ಲಿ. ಅಣ್ಣ ತಂಗಿ ಇಬ್ಬರೂ ಅದನ್ನು ನೋಡಿದರು. ಯಂತ್ರ ಕೆಟ್ಟಿದೆ ಎಂದು ಇಬ್ಬರೂ ಒಪ್ಪಿಕೊಂಡರು.

ಆ ದಿನ ಸಂಜೆ ದಿಬ್ಬದ ಮೇಲೆ ಕೂತು ಎಲ್ಡ್ರಿಜ್ ಊರು ಬಿಟ್ಟ ದಿನದ ಮಾತು ತೆಗೆದರು. ಅಪ್ಪ ಕೊನೆಯವರೆಗೂ ಮನೆ ಮಾರುವ ಕಾಗದಕ್ಕೆ ರುಜು ಹಾಕಲಿಲ್ಲವಂತೆ. ಹಾಕದಿದ್ದರೂ ಏನೂ ವ್ಯತ್ಯಾಸವಾಗಲಿಲ್ಲ. ಗಡುವು ಮುಗಿದು ಮನೆ ಕೆಡವುವ ಯಂತ್ರಗಳು ಬಂದು ರಸ್ತೆಯ ಪಕ್ಕ ನಿಂತವು. ಚರ್ಚನ್ನು ಜನರೇ ಹಲಗೆ ಹಲಗೆಯಾಗಿ ಬಿಚ್ಚಿ ಹೆದ್ದಾರಿಯ ಕಡೆ ಹೊತ್ತುಕೊಂಡು ಹೋಗಿದ್ದರು. ಇವರ ಮನೆಯ ಸಾಮಾನೆಲ್ಲ ಲಾರಿಗೆ ಏರಿತು. ಒಲೆ ಮಾತ್ರ ಬಲು ಭಾರ, ಹೋಗಲಿದ್ದ ಬಾಡಿಗೆ ಮನೆಯಲ್ಲಿ ಅದಕ್ಕೆ ಹೊಗೆಕೊಳವೆಯೂ ಇರಲಿಲ್ಲ, ಬಿಟ್ಟರು. ಅಪ್ಪ ಲಾರಿ ಶುರು ಮಾಡಿ ಕಾಯುತ್ತಾ ಕೂತರು. ಅಮ್ಮ ಬರಲಿಲ್ಲ. ಎಲ್ಡ್ರಿಜ್ ಕರೆಯಲು ಹೋದರೆ, ಅಮ್ಮ ಖಾಲಿ ಮನೆಯನ್ನು ಗುಡಿಸುತ್ತಿದ್ದರಂತೆ.

“ಗುಡಿಸಿದ್ರು, ಆಮೇಲೆ ಕಿಟಕಿ ಗಾಜು ಒರೆಸಿದ್ರು, ಕೊನೇಲಿ ಒಲೆಗೆ ಕಪ್ಪು ಮೆರುಗು ಹಚ್ಚಿ ತಿಕ್ಕಿದ್ರು,” ಎಂದರು ಎಲ್ಡ್ರಿಜ್. “ಕೆಡವೋ ಮನೆಗೆ ಯಾಕಮ್ಮಾ ಇದೆಲ್ಲ ಅಂದೆ. ಬರೋರು ನೋಡ್ತಾರೆ, ಇಲ್ಲಿದ್ದೋರು ಕೊಳಕರಾಗಿದ್ರು ಅನ್ನಬಾರದು ಅಂದ್ರು.”

ಮಿಸ್ ಲೂವಿ ಹುಲ್ಲು ಕೀಳುತ್ತಾ ಕೂತಿದ್ದರು. “ನಂಗೆ ಇದು ಗೊತ್ತಿರಲಿಲ್ಲ,” ಎಂದರು. “ನಾನು ಲಾರೀಲಿ ಅಳ್ತಾ ಕೂತಿದ್ದೆ. ಅಮ್ಮ ಏನೋ ಮರೆತು ಹುಡುಕ್ತಿದ್ದಾರೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ.”

ರೇಂಜರ್ ಎದ್ದು ಸ್ವಲ್ಪ ದೂರ ಹೋಗಿ ಬಾವುಟಗಳನ್ನು ಸರಿ ಮಾಡುತ್ತಿರುವವಳಂತೆ ಬೆನ್ನು ಹಾಕಿ ನಿಂತಳು.

ಪಿಸ್ಗಾಕ್ಕೆ ಒಂದು ಫಲಕ ಬೇಕು ಎಂಬ ಮಾತು ಹುಟ್ಟಿದ್ದು ಆಮೇಲೆ. ರೇಂಜರ್ ತನ್ನ ಮೇಲಿನವರಿಗೆ ಬರೆದಳು. ಅವರು ಊರಿನ ಇತಿಹಾಸ ಸಂಘವನ್ನೂ ಕೇಳಬೇಕೆಂದರು. ಗ್ರಂಥಾಲಯದಲ್ಲಿ ಸಭೆ ಸೇರಿತು. ಸಂಘದ ಅಧ್ಯಕ್ಷರು ಗಾರ್ನೆಟ್ ಪಾಮರಾಯ್, ನಿವೃತ್ತ ಔಷಧಿ ವ್ಯಾಪಾರಿ. ಅವರ ಮುತ್ತಜ್ಜ ದಕ್ಷಿಣದ ಪಡೆಯಲ್ಲಿದ್ದು ಆ ದಿಬ್ಬ ಹತ್ತುವಾಗಲೇ ಸತ್ತವನು. ಮನುಷ್ಯ ಕೆಟ್ಟವರಲ್ಲ. ದಿಬ್ಬದ ಮೇಲೆ ಒಂದು ಕಾಗದದ ಚೂರು ಬಿದ್ದಿದ್ದರೂ ಬಗ್ಗಿ ಎತ್ತುವವರು. ಆದರೆ ಅಲ್ಲಿನ ನೋಟ ಅವರಿಗೆ ಪ್ರಾಣ.

“ಮಿಸ್ ಲೂವಿ, ನಿಮ್ಮ ನೋವು ನಂಗೆ ಅರ್ಥ ಆಗುತ್ತೆ. ಆದ್ರೆ ನೆತ್ತಿ ಮೇಲೆ ಇನ್ನೊಂದು ಫಲಕ ಅಂದ್ರೆ ಬಂದೋರಿಗೆ ಗೊಂದಲ. ಅವರು ಅಲ್ಲಿಗೆ ಬರೋದು ಆ ಒಂದು ದಿನ ನೋಡೋಕೆ,” ಎಂದರು.

“ಮಿಸ್ಟರ್ ಪಾಮರಾಯ್, ನಿಮ್ಮ ಮುತ್ತಜ್ಜ ಅಲ್ಲಿದ್ದಿದ್ದು ಒಂದೇ ದಿನ. ನಾವು ನೂರು ವರ್ಷ ಇದ್ವಿ.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಪಾಮರಾಯ್ ಕೆಂಪಗಾದರು. ಆದರೂ ದನಿ ಏರಿಸದೆ, “ಅವನು ಇನ್ನೂ ಅಲ್ಲೇ ಇದ್ದಾನೆ, ಮಿಸ್ ಲೂವಿ. ಎಲ್ಲಿ ಅಂತ ನಮಗೆ ಯಾರಿಗೂ ಗೊತ್ತಿಲ್ಲ,” ಎಂದರು.

ಮಿಸ್ ಲೂವಿ ತಮ್ಮ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡರು. ಆಮೇಲೆ ಮೆಲ್ಲಗೆ, “ಹೂತಿದ್ದು ನಮ್ಮ ಹಿರಿಯರು. ಯಾವ ಕಡೆಯೋನು ಅಂತ ನೋಡದೆ ಹೂತ್ರು ಅಂತ ಅಜ್ಜಿ ಹೇಳ್ತಿದ್ರು. ಗೌರವವಾಗೇ ಹೂತಿರ್ತಾರೆ,” ಎಂದರು. ಪಾಮರಾಯ್ ತಲೆಯಾಡಿಸಿದರು.

ಅಂದರೂ ಫಲಕಕ್ಕೆ ದಿಬ್ಬದ ನೆತ್ತಿ ಸಿಗಲಿಲ್ಲ. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ, ಶೌಚಾಲಯದ ಪಕ್ಕದ ಗೋಡೆಯ ಬಳಿ ಎಂದು ತೀರ್ಮಾನವಾಯಿತು.

ಮಾತುಗಳ ಬಗ್ಗೆ ಇನ್ನೊಂದು ಸುತ್ತು ಜಗಳ. ಕರಡನ್ನು ರೇಂಜರ್ ಮಿಸ್ ಲೂವಿಯ ಮನೆಗೆ ತಂದಳು. ‘ಶತಮಾನೋತ್ಸವದ ಹೊತ್ತಿಗೆ ಈ ವಸತಿ ತೆರವಾಯಿತು’ ಎಂದಿತ್ತು ಅದರಲ್ಲಿ.

“ತೆರವಾಯ್ತಾ? ತಾನಾಗೇನಾ? ಮಾಗಿದ ಹಣ್ಣು ಉದುರಿದ ಹಾಗಾ?”

“ಮೇಲಿನೋರು ಬರೆದಿದ್ದು, ಮಿಸ್ ಲೂವಿ.”

“ಕೆಳಗಿನೋಳು ಹೇಳಿದ್ಲು ಅಂತ ಹೇಳು. ಕೆಡವಿದ್ರು ಅಂತ ಬರೀರಿ. ಕೆಡವೋಕೆ ಬಂದ ಯಂತ್ರ ನಾನು ನೋಡಿದ್ದೀನಿ. ಅದು ಬೈಗುಳ ಅಲ್ಲ, ನಡೆದಿದ್ದು.”

ಆ ಒಂದು ಪದಕ್ಕಾಗಿ ರೇಂಜರ್ ಇಂಗ್ರಿಡ್ ಚಳಿಗಾಲವೆಲ್ಲ ಹೋರಾಡಿದಳು. ಅವಳಿಗೆ ಸಿಗಬೇಕಿದ್ದ ವರ್ಗಾವಣೆಯೂ ಆ ಗಲಾಟೆಯಲ್ಲಿ ತಪ್ಪಿಹೋಯಿತು ಎಂದು ಕೇಳಿದ್ದೇನೆ, ಅವಳು ಯಾವತ್ತೂ ಹೇಳಿಕೊಳ್ಳಲಿಲ್ಲ. ಕೊನೆಗೆ ಬಂದ ಫಲಕದಲ್ಲಿ ‘ಸರಕಾರ ಕೊಂಡು ಕೆಡವಿತು’ ಎಂದಿತ್ತು. ಕೆಳಗೆ ಮನೆತನಗಳ ಹೆಸರು. ಮರೆತಿದ್ದ ಮನೆಯವರದೂ ಇತ್ತು.

ಆದರೆ ಜಾಗ ನೋಡಿದ ಮೇಲೆ ಮಿಸ್ ಲೂವಿ ಬರುವುದಿಲ್ಲವೆಂದು ಹಟ ಹಿಡಿದರು. ಅನಾವರಣದ ಬೆಳಿಗ್ಗೆ ಅವರನ್ನು ಕರೆದೊಯ್ಯಲು ಹೋದೆ. ಒಳ್ಳೆಯ ಉಡುಪು ಹಾಕಿ, ಟೋಪಿ ಇಟ್ಟುಕೊಂಡು, ಜಗಲಿಯ ಕುರ್ಚಿಯಲ್ಲಿ ಕೂತಿದ್ದರು.

“ಕಕ್ಕಸಿನ ಪಕ್ಕ ನಮ್ಮಮ್ಮನ ಹೆಸರು. ನಾನು ಬರಲ್ಲ.”

“ಮತ್ತೆ ಟೋಪಿ ಯಾಕೆ?”

“ಬಿಸಿಲಿದೆ.”

“ಜಗಲೀಲಾ?”

ಅವರು ಟೋಪಿ ಸರಿಮಾಡಿಕೊಂಡರು. ನಾನೂ ಪಕ್ಕದ ಕುರ್ಚಿಯಲ್ಲಿ ಕೂತೆ. ಅನಾವರಣದ ಹೊತ್ತು ಕಳೆಯಿತು. ಭಾಷಣಗಳಾಗಿರಬೇಕು, ಹಾಡಾಗಿರಬೇಕು, ಎಲ್ಡ್ರಿಜ್ ಪರದೆ ಎಳೆದಿರಬೇಕು. ನಾವಿಬ್ಬರೂ ಬೀದಿ ನೋಡುತ್ತಾ ಕೂತಿದ್ದೆವು. ಊಟದ ಹೊತ್ತು ಮೀರಿದ ಮೇಲೆ, “ಜನ ಎಲ್ಲ ಹೋಗಿರ್ತಾರಾ?” ಎಂದರು.

“ಹೋಗಿರ್ತಾರೆ.”

“ನಡಿ ಹಾಗಾದ್ರೆ. ಕಾರಿಂದ ಇಳಿಯಲ್ಲ, ಹೇಳಿದ್ದೀನಿ.”

ಕಾರು ನಿಲ್ಲಿಸುವ ಜಾಗದಲ್ಲಿ ಮಡಿಸುವ ಕುರ್ಚಿಗಳನ್ನು ಒಟ್ಟು ಹಾಕಿದ್ದರು. ಹೊರಗಿನ ಊರಿನ ಒಂದೇ ಒಂದು ಕಾರಿತ್ತು. ಫಲಕದ ಮುಂದೆ ಒಬ್ಬ ವಯಸ್ಸಾದ ಬಿಳಿಯ ಗಂಡಸು ನಿಂತಿದ್ದ. ಹೆಂಡತಿ ಶೌಚಾಲಯದಿಂದ ಹೊರಗೆ ಬರುವುದನ್ನು ಕಾಯುತ್ತಾ, ಕೈ ಜೇಬಿನಲ್ಲಿಟ್ಟುಕೊಂಡು ಓದುತ್ತಿದ್ದ. ಮೊದಲು ಸುಮ್ಮನೆ ಕಣ್ಣಾಡಿಸುವವನ ಹಾಗೆ. ಆಮೇಲೆ ಕನ್ನಡಕ ತೆಗೆದು ಹಾಕಿಕೊಂಡ. ಇನ್ನೂ ಹತ್ತಿರ ಹೋದ. ಹೆಂಡತಿ ಬಂದು ತೋಳು ಹಿಡಿದು ಎಳೆದರೆ, “ತಾಳೇ, ಇದನ್ನ ನೋಡು,” ಎಂದು ಅವಳನ್ನೂ ನಿಲ್ಲಿಸಿಕೊಂಡ. ಇಬ್ಬರೂ ಓದಿದರು. ಹೆಂಡತಿ ಒಂದೊಂದೇ ಹೆಸರನ್ನು ಬಾಯಿಬಿಟ್ಟು ಓದುವುದು ಕಾರಿನವರೆಗೂ ಕೇಳಿಸಿತು. ಹ್ಯಾಥ್‌ಕಾಕ್ ಎಂದದ್ದೂ ಕೇಳಿಸಿತು.

ಅಷ್ಟರಲ್ಲಿ ಇನ್ನೊಂದು ಸಂಸಾರ ಬಂತು. ತಾಯಿ ಮಕ್ಕಳು ಒಳಗೆ ಹೋದರು, ಅಪ್ಪ ಹೊರಗೆ ಉಳಿದ. ಅವನಿಗೂ ಬೇರೆ ಕೆಲಸವಿರಲಿಲ್ಲ. ಅವನೂ ಫಲಕದ ಮುಂದೆ ಹೋಗಿ ನಿಂತ.

ಮಿಸ್ ಲೂವಿಯ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾಗಿ ತಿರುಗಿದೆ. ನಗುತ್ತಿದ್ದರು. ಟೋಪಿ ಜಾರುವಷ್ಟು ನಗುತ್ತಿದ್ದರು.

“ಥರ್ಮನ್, ಪಾಮರಾಯ್‌ಗೆ ಗೊತ್ತಾಗಲಿಲ್ಲ ಕಣೋ. ಮೇಲಿರೋ ಫಲಕ ಓದೋಕೆ ದಿಬ್ಬ ಹತ್ತಬೇಕು. ಇಲ್ಲಿಗೆ ಎಲ್ರೂ ಬರಲೇಬೇಕಲ್ಲ!”

ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, ಬಾಗಿಲು ತೆರೆದು ಇಳಿದರು. ನಾನು ಕಿಟಕಿ ಇಳಿಸಿ ಕೂತೆ. ಆ ವಯಸ್ಸಾದ ಗಂಡ ಹೆಂಡತಿ ಅಯೋವದವರಂತೆ. ಅವನ ಪೂರ್ವಿಕನೊಬ್ಬ ಉತ್ತರದ ತೋಪಿನ ಪಡೆಯಲ್ಲಿದ್ದನಂತೆ, ಅವನು ನಿಂತ ಜಾಗ ನೋಡಲು ಇಷ್ಟು ದೂರ ಬಂದಿದ್ದರು.

“ಈ ಹೆಸರಿನೋರು ಯಾರಾದ್ರೂ ನಿಮಗೆ ಪರಿಚಯ ಇದ್ರಾ ಅಮ್ಮಾ?” ಎಂದು ಕೇಳಿದ ಅವನು.

“ಎಲ್ರೂ,” ಎಂದರು ಮಿಸ್ ಲೂವಿ. ಸ್ವಲ್ಪ ತಡೆದು, “ಒಂದು ಮನೆಯೋರನ್ನ ಬಿಟ್ಟು. ಅದು ದೊಡ್ಡ ಕಥೆ. ನಿಮ್ಮಜ್ಜ ನಿಂತ ಜಾಗ ತೋರಿಸ್ಲಾ? ನಮ್ಮನೇಲೇ ಇದೆ,” ಎಂದರು.

ಅಂದಿನಿಂದ ಶನಿವಾರ ಶನಿವಾರ ಅವರು ಅಲ್ಲಿಗೆ ಹೋಗತೊಡಗಿದರು. ಇಂಗ್ರಿಡ್ ಒಂದು ಬೆಂಚು ಹಾಕಿಸಿಕೊಟ್ಟಳು. ವರ್ಷಕ್ಕೊಮ್ಮೆ ಪಿಸ್ಗಾದ ಮಕ್ಕಳು ಮೊಮ್ಮಕ್ಕಳು ದಿಬ್ಬದ ಮೇಲೆ ಕೂತು ಊಟ ಮಾಡಲು ಅನುಮತಿಯನ್ನೂ ಕೊಡಿಸಿದಳು. ಕರಿದ ಕೋಳಿ, ಸೊಪ್ಪಿನ ಪಲ್ಯ, ಮುಸುಕಿನ ಜೋಳದ ಬ್ರೆಡ್ಡು ಎಲ್ಲ ಇರುತ್ತದೆ. ಎರಡನೆಯ ವರ್ಷದ ಊಟಕ್ಕೆ ಪಾಮರಾಯ್ ತಾವಾಗಿಯೇ ಬಂದರು, ಕೈಯಲ್ಲಿ ಒಂದು ದೊಡ್ಡ ಕಲ್ಲಂಗಡಿ ಹಿಡಿದು. ಎಲ್ಲಿ ಇಡಲಿ ಎಂದು ಕೇಳಿದರು. ಮಿಸ್ ಲೂವಿ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ನೆಲಕ್ಕಿಟ್ಟರು. ಪಾಮರಾಯ್ ಕೂತರು. ಇಬ್ಬರೂ ಬಹಳ ಹೊತ್ತು ತಿನ್ನುತ್ತಾ ಬಯಲು ನೋಡಿದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಕಲ್ಲಂಗಡಿ ಕೊಯ್ಯಲು ಚಾಕು ಬೇಕೆಂದು ಮಿಸ್ ಲೂವಿ ನನ್ನ ಕಡೆ ಕೈ ಚಾಚಿದರು, ಕೊಟ್ಟೆ.